ಗರ್ಭಕೋಶದ ಆಪರೇಷನ್‌ಗೆ ಮೊದಲು: ಯಾವ ಪರೀಕ್ಷೆ, ಯಾವ ಡಾಕ್ಟರ್?



"ಗರ್ಭಕೋಶದಲ್ಲಿ ಹುಣ್ಣಾಗಿದೆ. ಈಗಲೇ ತೆಗೆಸಿಬಿಡಮ್ಮ, ಇಲ್ಲಾಂದ್ರೆ ಮುಂದೆ ಕ್ಯಾನ್ಸರ್ ಆಗುತ್ತೆ."

ಈ ಮಾತನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ! ಕೇಳಿದವಳು ಹೆದರಿ ಮನೆಗೆ ಬರುತ್ತಾಳೆ. ಮುಂದಿನ ವಾರದ ಸಭೆಯಲ್ಲಿ ಸಾಲ ಕೇಳುತ್ತಾಳೆ. ಪಾಪ, ಕಷ್ಟದಲ್ಲಿದ್ದಾಳೆ ಅಂತ ನಾವೂ ಸಾಲ ಮಂಜೂರು ಮಾಡುತ್ತೇವೆ. ಆದರೆ "ಡಾಕ್ಟರು ಯಾವ ಪರೀಕ್ಷೆ ಮಾಡಿದ್ರು?" ಎಂದು ಯಾರೂ ಕೇಳುವುದಿಲ್ಲ.

ಅದೇ ಸಂಘದಲ್ಲಿ ಇನ್ನೊಬ್ಬಳು ಇರಬಹುದು. ಮುಟ್ಟು ನಿಂತು ನಾಲ್ಕು ವರ್ಷವಾದ ಮೇಲೆ ಸೀರೆಯಲ್ಲಿ ರಕ್ತದ ಕಲೆ ಕಂಡಿದೆ. "ಈ ವಯಸ್ಸಿನಲ್ಲಿ ಇದೇನು ನಾಚಿಕೆ" ಅಂತ ಮಗಳಿಗೂ ಹೇಳಿಲ್ಲ.

ಮೊದಲನೆಯವಳಿಗೆ ಬೇಡದ ಆಪರೇಷನ್ ಆಗಬಹುದು. ಎರಡನೆಯವಳಿಗೆ ಬೇಕಾದ ಚಿಕಿತ್ಸೆ ಸಿಗದೆ ಹೋಗಬಹುದು. ಇಬ್ಬರಿಗೂ ಗೊತ್ತಿರಬೇಕಾದದ್ದು ಒಂದೇ: ಯಾವ ಪರೀಕ್ಷೆ ಆಗಬೇಕು, ಯಾವ ಡಾಕ್ಟರ ಹತ್ತಿರ ಹೋಗಬೇಕು. ಈ ತಿಂಗಳು ಅದನ್ನೇ ಕಲಿಯೋಣ.

1. ಹೆದರಿಸಿ ಮಾಡಿದ ಆಪರೇಷನ್‌ಗಳು

ಇದು ಬರೀ ಬಾಯಿಮಾತಲ್ಲ. 2015ರ ಸುಮಾರಿಗೆ ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ಹಳ್ಳಿಗಳಲ್ಲಿ ಚಿಕ್ಕ ವಯಸ್ಸಿನ ಅನೇಕ ಹೆಣ್ಣುಮಕ್ಕಳ ಗರ್ಭಕೋಶ ತೆಗೆದಿದ್ದು ಬೆಳಕಿಗೆ ಬಂತು. ಹೊಟ್ಟೆನೋವು, ಬಿಳಿ ಹೋಗುವುದು ಅಂತ ಆಸ್ಪತ್ರೆಗೆ ಹೋದವರು ಅವರು. ಮಹಿಳೆಯರೇ ಸಂಘಟಿತರಾಗಿ ನ್ಯಾಯ ಕೇಳಿದರು. ಬೇರೆ ರಾಜ್ಯಗಳಿಂದಲೂ ಇಂಥ ದೂರು ಬಂದು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಬೇಡದ ಗರ್ಭಕೋಶದ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಕೋರ್ಟು 2023ರ ಏಪ್ರಿಲ್‌ನಲ್ಲಿ ಹೇಳಿತು.

ಬಿಳಿ ಹೋಗುವುದೆಲ್ಲ ಕ್ಯಾನ್ಸರ್ ಅಲ್ಲ. ಹೆಚ್ಚಿನ ಸಲ ಅದು ಸೋಂಕು, ಮಾತ್ರೆಯಲ್ಲಿ ವಾಸಿಯಾಗುತ್ತದೆ. ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯ ಹೆಚ್ಚುತ್ತದೆ.

2. ಇದಕ್ಕೆಂದೇ ಕಲಿತ ಡಾಕ್ಟರು

ಹೆರಿಗೆ ಮಾಡಿಸುವ ಹೆಂಗಸರ ಡಾಕ್ಟರು ನಮಗೆಲ್ಲ ಗೊತ್ತು. ಅವರಲ್ಲಿ ಕೆಲವರು ಮುಂದೆ ಓದಿ, ಗರ್ಭಕೋಶ, ಗರ್ಭಕೋಶದ ಬಾಯಿ, ಅಂಡಾಶಯ ಮತ್ತು ಯೋನಿ ಭಾಗದ ಕ್ಯಾನ್ಸರಿಗೆ ಮಾತ್ರ ಚಿಕಿತ್ಸೆ ಕೊಡಲು ಕಲಿಯುತ್ತಾರೆ. ಎಂಬಿಬಿಎಸ್ ಆದ ಮೇಲೆ ಸ್ತ್ರೀರೋಗದಲ್ಲಿ ಎಂಡಿ ಅಥವಾ ಎಂಎಸ್, ಆಮೇಲೆ ಮೂರು ವರ್ಷ ಎಂಸಿಎಚ್ ಎಂಬ ದೊಡ್ಡ ಓದು. ಇಂಥವರನ್ನು ಗೈನಕಾಲಜಿಕಲ್ ಆಂಕಾಲಜಿಸ್ಟ್ ಎನ್ನುತ್ತಾರೆ. ಆಸ್ಪತ್ರೆಯಲ್ಲಿ "ಗೈನಿಕ್ ಆಂಕಾಲಜಿ ಯಾವ ಕಡೆ?" ಎಂದು ಕೇಳಿದರೆ ಸಾಕು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆಯಲ್ಲಿ, ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ಈ ವಿಭಾಗ ಇದೆ.

"ಯಾರು ಮಾಡಿದರೂ ಆಪರೇಷನ್ ಒಂದೇ ಅಲ್ವಾ?" ಎಂದು ನೀವು ಕೇಳಬಹುದು. ಅಲ್ಲ.

- ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಸಾಮಾನ್ಯವಾಗಿ ಬರೀ ಗರ್ಭಕೋಶ ತೆಗೆದರೆ ಸಾಲದು. ಸುತ್ತಲ ಮಾಂಸ, ಗಂಟುಗಳನ್ನೂ ತೆಗೆಯಬೇಕಾಗುತ್ತದೆ. ರೋಗ ಹರಡಿದ್ದರೆ ಆಪರೇಷನ್ ಬಿಟ್ಟು ಕರೆಂಟ್ ಕೊಡುತ್ತಾರೆ (ವಿಕಿರಣ ಚಿಕಿತ್ಸೆಗೆ ನಮ್ಮ ಜನ ಹೀಗೆ ಹೇಳುತ್ತಾರೆ, ಇದರಲ್ಲಿ ಶಾಕ್ ಏನೂ ಹೊಡೆಯುವುದಿಲ್ಲ). ಪರೀಕ್ಷೆ ಮಾಡದೆ ಗರ್ಭಕೋಶ ತೆಗೆದು, ಆಮೇಲೆ ಕ್ಯಾನ್ಸರ್ ಇತ್ತೆಂದು ಗೊತ್ತಾದರೆ ಮುಂದಿನ ಚಿಕಿತ್ಸೆ ಕಷ್ಟವಾಗುತ್ತದೆ.
- ಅಂಡಾಶಯದ ಕ್ಯಾನ್ಸರ್ ಗಡ್ಡೆ ತೆಗೆಯುವಾಗ ಒಡೆದರೆ ರೋಗ ಹೊಟ್ಟೆಯೊಳಗೆ ಚೆಲ್ಲಬಹುದು. ಗಡ್ಡೆಯನ್ನು ಹೇಗೆ ತೆಗೆಯಬೇಕು, ಇನ್ನೆಲ್ಲಿ ಹುಡುಕಬೇಕು ಎಂಬುದು ಇದಕ್ಕೆಂದೇ ಕಲಿತವರಿಗೆ ಚೆನ್ನಾಗಿ ಗೊತ್ತು.

3. ಡಾಕ್ಟರ ಸಂಶೋಧನೆ, ಹಳ್ಳಿ ಹೆಂಗಸರ ಪಾಲು

ಕ್ಯಾನ್ಸರ್ ಡಾಕ್ಟರು ಚಿಕಿತ್ಸೆ ಮಾತ್ರ ಕೊಡುವುದಿಲ್ಲ, ಕಾಯಿಲೆ ಬಾರದಂತೆ ದಾರಿಯನ್ನೂ ಹುಡುಕುತ್ತಾರೆ. ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಸ್ ಕಾರಣವೆಂದು ತೋರಿಸಿದ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು. ಈ ವೈರಸ್ ಬಹಳ ಜನರಿಗೆ ತಗಲುತ್ತದೆ, ಹೆಚ್ಚಿನವರಲ್ಲಿ ತಾನೇ ಹೋಗುತ್ತದೆ. ಉಳಿದುಕೊಂಡರೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು-ಹದಿನೈದು ವರ್ಷ ಬೇಕು. ಅಂದರೆ ಹಿಡಿದು ನಿಲ್ಲಿಸಲು ನಮಗೆ ಬೇಕಾದಷ್ಟು ಸಮಯ ಇದೆ!

ಬೀದರ್, ಕಲಬುರಗಿ ಜಿಲ್ಲೆಗಳ ಗಡಿ ದಾಟಿದರೆ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆ (ಈಗ ಧಾರಾಶಿವ್). ಅಲ್ಲಿನ ಹಳ್ಳಿಗಳ 30ರಿಂದ 59 ವಯಸ್ಸಿನ 1,31,746 ಮಹಿಳೆಯರು ಒಂದು ದೊಡ್ಡ ಅಧ್ಯಯನದಲ್ಲಿ ಸೇರಿದರು. ಅದನ್ನು ನಡೆಸಿದವರು ಡಾ. ಆರ್. ಶಂಕರನಾರಾಯಣನ್ ಮತ್ತು ಬಾರ್ಶಿ ಕ್ಯಾನ್ಸರ್ ಆಸ್ಪತ್ರೆಯ ತಂಡ. 2009ರಲ್ಲಿ ಫಲಿತಾಂಶ ಬಂತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿ, ದೋಷ ಕಂಡವರಿಗೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಆಗುವ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು.

ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಆಸ್ಪತ್ರೆಯ ಡಾ. ಸುರೇಂದ್ರ ಶಾಸ್ತ್ರಿ ಮತ್ತು ಸಂಗಡಿಗರು ಇನ್ನೂ ಸುಲಭದ ದಾರಿ ನೋಡಿದರು. ವಿನೆಗರ್‌ನಂಥ ದ್ರಾವಣವನ್ನು ಗರ್ಭಕೋಶದ ಬಾಯಿಗೆ ಹಚ್ಚಿ ಒಂದು ನಿಮಿಷ ಕಾದರೆ, ದೋಷ ಇರುವ ಜಾಗ ಬೆಳ್ಳಗಾಗಿ ಕಾಣುತ್ತದೆ. ಈ ಪರೀಕ್ಷೆ ಮಾಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು, ನಮ್ಮಂಥ ಹೆಂಗಸರೇ. ಎರಡು ವರ್ಷಕ್ಕೊಮ್ಮೆ ಹೀಗೆ ನೋಡಿದ್ದರಿಂದ ಈ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಕಡಿಮೆಯಾಯಿತು ಎಂದು 2013ರಲ್ಲಿ ತಿಳಿಸಿದರು.

4. ನಾವು ಏನು ಮಾಡಬೇಕು?

ತೊಂದರೆ ಇಲ್ಲದಿದ್ದರೂ: 30ರಿಂದ 65 ವಯಸ್ಸಿನ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಗರ್ಭಕೋಶದ ಬಾಯಿಯ ಪರೀಕ್ಷೆ ಆಗಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಎಲ್ಲಿ, ಯಾವ ದಿನ ಮಾಡುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಐದು ನಿಮಿಷದ ಕೆಲಸ, ಕತ್ತರಿಸುವುದು ಇಲ್ಲ. ದೋಷ ಕಂಡರೂ ಕ್ಯಾನ್ಸರ್ ಬಂತೆಂದು ಅಳಬೇಡಿ. ಆ ಹಂತದಲ್ಲಿ ಗರ್ಭಕೋಶ ತೆಗೆಯದೆಯೇ ಸಣ್ಣ ಚಿಕಿತ್ಸೆಯಲ್ಲಿ ವಾಸಿ ಮಾಡಬಹುದು.

ಈ ಲಕ್ಷಣ ಕಂಡರೆ ತಡಮಾಡಬೇಡಿ:

- ಮುಟ್ಟು ನಿಂತ ಮೇಲೆ ರಕ್ತ ಕಾಣುವುದು, ಒಂದೇ ಹನಿ ಆದರೂ ಸರಿ
- ಗಂಡ-ಹೆಂಡತಿ ಸೇರಿದ ಮೇಲೆ, ಅಥವಾ ಎರಡು ಮುಟ್ಟಿನ ನಡುವೆ ರಕ್ತ ಹೋಗುವುದು
- ಕೆಟ್ಟ ವಾಸನೆಯ ಅಥವಾ ರಕ್ತ ಬೆರೆತ ಬಿಳಿ ಹೋಗುವುದು
- ವಾರಗಟ್ಟಲೆ ಹೊಟ್ಟೆ ಉಬ್ಬರ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು (ಇದು ಅಂಡಾಶಯದ ಕಾಯಿಲೆ ಇರಬಹುದು. ಗ್ಯಾಸ್ಟ್ರಿಕ್ ಅಂತ ಸುಮ್ಮನಿರಬೇಡಿ)

ಹೆಣ್ಣುಮಕ್ಕಳಿಗೆ: 9ರಿಂದ 14 ವಯಸ್ಸಿನಲ್ಲಿ ಎಚ್‌ಪಿವಿ ಲಸಿಕೆ ಹಾಕಿಸಿದರೆ ಒಳ್ಳೆಯ ರಕ್ಷಣೆ ಸಿಗುತ್ತದೆ. ಲಸಿಕೆ ಹಾಕಿಸಿಕೊಂಡವರಿಗೂ 30 ದಾಟಿದ ಮೇಲೆ ಪರೀಕ್ಷೆ ಬೇಕೇ ಬೇಕು.

5. ಆಪರೇಷನ್ ಅಂದಾಗ ಕೇಳುವ ನಾಲ್ಕು ಪ್ರಶ್ನೆ

- ನನಗೆ ಇರುವ ಕಾಯಿಲೆಯ ಹೆಸರು ಏನು? ಚೀಟಿಯಲ್ಲಿ ಬರೆದುಕೊಡುತ್ತೀರಾ?
- ಕ್ಯಾನ್ಸರ್ ಅನುಮಾನ ಇದ್ದರೆ, ಚೂರು ತೆಗೆದು ಪರೀಕ್ಷೆಗೆ (ಬಯಾಪ್ಸಿ) ಕಳಿಸಿದ್ದೀರಾ? ರಿಪೋರ್ಟ್ ಎಲ್ಲಿ?
- ಮಾತ್ರೆ, ಸಣ್ಣ ಚಿಕಿತ್ಸೆಯಿಂದ ವಾಸಿ ಆಗುವುದಿಲ್ಲವೇ?
- ಕ್ಯಾನ್ಸರ್ ಎಂದು ಗೊತ್ತಾದರೆ ಗೈನಿಕ್ ಆಂಕಾಲಜಿ ಡಾಕ್ಟರ ಹತ್ತಿರ ಕಳಿಸುತ್ತೀರಾ?

ಕೇಳಿದರೆ ಡಾಕ್ಟರು ಸಿಟ್ಟಾಗುತ್ತಾರೆಂದು ಹೆದರಬೇಡಿ. ಒಳ್ಳೆಯ ಡಾಕ್ಟರು ಸಮಾಧಾನವಾಗಿ ಹೇಳುತ್ತಾರೆ. ಅನುಮಾನ ಉಳಿದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ರಿಪೋರ್ಟ್‌ಗಳನ್ನೆಲ್ಲ ಒಂದು ಚೀಲದಲ್ಲಿ ಜೋಪಾನವಾಗಿಡಿ. ರೇಷನ್ ಕಾರ್ಡ್, ಆಧಾರ್ ಕಾರ್ಡ್ ಜೊತೆಗೆ ಒಯ್ಯಿರಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ಸಹಾಯ ಇದೆ.

ಸಭೆಯಲ್ಲಿ ಚರ್ಚಿಸೋಣ

- ನಮ್ಮ ಸಂಘದಲ್ಲಿ 30 ದಾಟಿದವರು ಎಷ್ಟು ಮಂದಿ? ಅವರಲ್ಲಿ ಎಷ್ಟು ಮಂದಿಗೆ ಪರೀಕ್ಷೆ ಆಗಿದೆ?
- ಪರೀಕ್ಷೆಗೆ ಹೋಗಲು ನಮ್ಮನ್ನು ತಡೆಯುತ್ತಿರುವುದು ಏನು? ನಾಚಿಕೆಯೋ, ಕೂಲಿ ಹೋಗುತ್ತದೆಂಬ ಚಿಂತೆಯೋ, ಮನೆಯವರೋ?
- ಗರ್ಭಕೋಶದ ಆಪರೇಷನ್‌ಗೆ ಸಾಲ ಕೇಳಿ ಬಂದ ಸದಸ್ಯೆಗೆ ನಾವು ಏನು ಕೇಳಬೇಕು, ಹೇಗೆ ನೆರವಾಗಬೇಕು?

ನಮ್ಮ ಠರಾವು

ಮೂರು ತಿಂಗಳ ಒಳಗೆ 30 ದಾಟಿದ ಪ್ರತಿ ಸದಸ್ಯೆಯೂ ಪರೀಕ್ಷೆ ಮಾಡಿಸಿಕೊಳ್ಳುವುದು. ಒಬ್ಬೊಬ್ಬರೇ ಹೋಗದೆ ನಾಲ್ಕೈದು ಮಂದಿ ಜೊತೆಯಾಗಿ ಹೋಗುವುದು. ದೊಡ್ಡ ಆಸ್ಪತ್ರೆಗೆ ಹೋಗಬೇಕಾದ ಸದಸ್ಯೆಗೆ ಬಸ್ ಖರ್ಚಿಗೆ ಆಂತರಿಕ ಸಾಲ ಕೊಡುವುದು, ಜೊತೆಗೆ ಒಬ್ಬರು ಹೋಗುವುದು. ಇದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕೋಣ.

ಸಾಲದ ಕಂತು ತಪ್ಪಿದರೆ ನಾವು ಮನೆಗೆ ಹೋಗಿ ವಿಚಾರಿಸುತ್ತೇವೆ. ಪರೀಕ್ಷೆ ತಪ್ಪಿಸಿಕೊಂಡವಳ ಮನೆಗೂ ಹಾಗೆಯೇ ಹೋಗೋಣ.