ಆಪತ್ತಿಗೆ ಆಗುವ ಮೊಬೈಲ್



ನಮ್ಮ ಕೈಯಲ್ಲಿರುವ ಸ್ಮಾರ್ಟ್‌ಫೋನ್ ಬರೀ ಫೋನಲ್ಲ, ಅದೊಂದು ಪುಟ್ಟ ಕಂಪ್ಯೂಟರ್. ಹಳ್ಳಿಯ ಜನರ ಕೈಗೂ ಕಂಪ್ಯೂಟರ್ ಬರಬೇಕೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಇಂಜಿನಿಯರುಗಳು ಸೇರಿ 2001ರಲ್ಲಿ ‘ಸಿಂಪ್ಯೂಟರ್’ ಎಂಬ ಅಂಗೈ ಕಂಪ್ಯೂಟರನ್ನು ರೂಪಿಸಿದ್ದರು. 2004ರಲ್ಲಿ ಅದು ಮಾರಾಟಕ್ಕೂ ಬಂತು, ಆದರೆ ಹೆಚ್ಚು ಓಡಲಿಲ್ಲ. ಇಂದು ಅದಕ್ಕಿಂತ ಎಷ್ಟೋ ಶಕ್ತಿಯ ಕಂಪ್ಯೂಟರ್ ನಮ್ಮಲ್ಲೇ ಉಂಟು. ಆದರೆ ಕಷ್ಟದ ಹೊತ್ತಿಗೆ ಅದು ಉಪಯೋಗಕ್ಕೆ ಬರುತ್ತದಾ?

ಅಡಿಕೆ ತೋಟದಲ್ಲಿ ಒಬ್ಬರು ತಲೆ ತಿರುಗಿ ಬಿದ್ದರೆಂದು ಎಣಿಸಿ. ಫೋನು ಕೈಯಲ್ಲೇ ಉಂಟು, ಆದರೆ ಲಾಕ್ ಆಗಿದೆ. ಮನೆಯವರ ನಂಬರು ತೆಗೆಯಲಿಕ್ಕೆ ಯಾರಿಗೂ ಆಗುವುದಿಲ್ಲ. ಹಾಗಂತ ಲಾಕ್ ತೆಗೆದಿಡುವುದೂ ಸರಿಯಲ್ಲ, ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದಲ್ಲವೇ? ಲಾಕ್ ಇದ್ದೂ ಸಹಾಯ ಸಿಗುವ ಹಾಗೆ ಮಾಡಬಹುದು.

1. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಸುರಕ್ಷತೆ ಮತ್ತು ತುರ್ತು’ ಎಂಬಲ್ಲಿ ಹೋಗಿ. (ಹೆಸರು ಫೋನಿನಿಂದ ಫೋನಿಗೆ ಸ್ವಲ್ಪ ಬೇರೆ ಇರಬಹುದು.) ಅಲ್ಲಿ ರಕ್ತದ ಗುಂಪು, ಸಕ್ಕರೆ ಕಾಯಿಲೆಯಂಥ ವಿವರ, ತೆಗೆದುಕೊಳ್ಳುವ ಮದ್ದು ಬರೆಯಿರಿ.

2. ಅಲ್ಲಿಯೇ ತುರ್ತು ಸಂಪರ್ಕಕ್ಕೆ ಇಬ್ಬರ ನಂಬರು ಸೇರಿಸಿ. ಒಬ್ಬರಾದರೂ ಹತ್ತಿರದಲ್ಲೇ ಇರುವವರಾಗಲಿ. ದುಬೈಯಲ್ಲಿರುವ ಮಗ ಕೂಡಲೇ ಓಡಿ ಬರಲಿಕ್ಕಾಗುವುದಿಲ್ಲ.

3. ‘ಲಾಕ್ ಇದ್ದಾಗಲೂ ತೋರಿಸು’ ಎಂಬರ್ಥದ ಆಯ್ಕೆಯನ್ನು ಆನ್ ಮಾಡಿ. ಆಗ ಲಾಕ್ ಆದ ಪರದೆಯಲ್ಲಿ ‘ತುರ್ತು ಕರೆ’ ಒತ್ತಿದವರಿಗೆ ಈ ವಿವರ ಸಿಗುತ್ತದೆ.

4. ಹಲವು ಫೋನುಗಳಲ್ಲಿ ಪವರ್ ಬಟನ್ ಬೇಗ ಬೇಗ 5 ಸಲ ಒತ್ತಿದರೆ ತುರ್ತು ಕರೆ ಹೋಗುವ ವ್ಯವಸ್ಥೆಯುಂಟು. ನಿಮ್ಮದರಲ್ಲಿ ಉಂಟಾ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ. ಪರೀಕ್ಷೆಗೆಂದು ಒತ್ತಬೇಡಿ.

5. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ 112 ಸಾಕು. ಫೋನ್ ಲಾಕ್ ಆಗಿದ್ದರೂ, ಕರೆನ್ಸಿ ಮುಗಿದಿದ್ದರೂ ಈ ಕರೆ ಹೋಗುತ್ತದೆ. ಚಾರ್ಮಾಡಿ ಘಾಟಿಯಂಥ ಕಡೆ ನಿಮ್ಮ ಕಂಪೆನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪೆನಿಯ ಟವರ್ ಸಿಕ್ಕಿದರೆ ಪ್ರಯತ್ನಿಸಬಹುದು. ಯಾವ ಸಿಗ್ನಲ್ಲೂ ಇಲ್ಲದಲ್ಲಿ ಮಾತ್ರ ಆಗುವುದಿಲ್ಲ.

6. *#06# ಒತ್ತಿದರೆ ಫೋನಿನ ಐಎಂಇಐ ನಂಬರು ಬರುತ್ತದೆ. ಅದನ್ನು ಉಳಿತಾಯದ ಪುಸ್ತಕದ ಹಿಂಬದಿಯಲ್ಲಿ ಬರೆದಿಡಿ. ಫೋನ್ ಕಳೆದರೆ ಪೊಲೀಸ್ ದೂರಿಗೆ, ಅದನ್ನು ಬಂದ್ ಮಾಡಿಸಲಿಕ್ಕೆ ಇದು ಬೇಕು. ಫೋನಿನಲ್ಲಿ ಮೋಸ ಮಾಡಿ ಹಣ ಎಳೆದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸಂಘದ ಸಭೆಯಲ್ಲಿ ಚರ್ಚಿಸಿರಿ:

• ನಮ್ಮಲ್ಲಿ ಎಷ್ಟು ಮಂದಿಗೆ ಮನೆಯವರ ನಂಬರು ಬಾಯಿಪಾಠ ಉಂಟು?
• ಒಂಟಿಯಾಗಿ ವಾಸಿಸುವ ಹಿರಿಯರ ಫೋನಿನಲ್ಲಿ ಇದನ್ನು ಮಾಡಿಕೊಡುವವರು ಯಾರು?

ಮುಂದಿನ ಸಭೆಗೆ ಎಲ್ಲರೂ ಫೋನ್ ತನ್ನಿ. ತಿಳಿದವರು ಪಕ್ಕದವರಿಗೆ ತೋರಿಸಿಕೊಡಲಿ. ಹತ್ತು ನಿಮಿಷದ ಕೆಲಸ, ಆದರೆ ಒಂದು ಜೀವ ಉಳಿದೀತು.