ಮೊದಲ ಹವಳ ಮೆತ್ತಗಿರಲಿ

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ. ನಲವತ್ತು ಗ್ಯಾಲನ್ನಿನ ಉಪ್ಪುನೀರಿನ ತೊಟ್ಟಿಗೆ ಮೂರು ತಿಂಗಳಾಯಿತು. ಯಾವ ಹವಳದಿಂದ ಶುರು ಮಾಡಲಿ? ಬೆಂಗಳೂರಿನ ತಮ್ಮನಿಗೂ ಒಂದು ತುಂಡು ಬೇಕಂತೆ.

ಉತ್ತರ: ಅಂಗಡಿಯ ನೀಲಿ ದೀಪದಡಿ ಮಿನುಗುವ ಅಕ್ರೊಪೊರಾ ಎಂಬ ಕಲ್ಲುಹವಳದ ಕಡೆ ಸದ್ಯ ತಿರುಗಿಯೂ ನೋಡಬೇಡಿ. ನಿಮ್ಮ ನೀರು ಇನ್ನೂ ಹದಕ್ಕೆ ಬಂದಿಲ್ಲ. ಮೊದಲು ಅಣಬೆ ಹವಳ ತನ್ನಿ. ಮಂದ ಬೆಳಕು, ನಿಧಾನದ ಹರಿವು ಸಾಕು. ನೈಟ್ರೇಟ್ ತುಸು ಇದ್ದರೆ ಅದಕ್ಕೆ ಒಳ್ಳೆಯದೇ. ಉಷ್ಣತೆ 25-26 ಡಿಗ್ರಿ, ಲವಣಾಂಶ 1.025ರಲ್ಲಿ ನಿಲ್ಲಿಸಿ.

ಆಮೇಲೆ ಟೋಡ್‌ಸ್ಟೂಲ್ ಲೆದರ್ ಹವಳ. ಇದು ಒಂದು ದಿನ ಇದ್ದಕ್ಕಿದ್ದಂತೆ ಮುದುಡಿ, ಮೇಣದಂಥ ಪೊರೆ ಹೊದ್ದು, ಸತ್ತಂತೆ ಕೂರುತ್ತದೆ. ಮೊದಲ ಸಲ ನೋಡಿ ನಾನು ಗಾಬರಿಯಿಂದ ಅರ್ಧ ತೊಟ್ಟಿ ನೀರು ಬದಲಿಸಿದ್ದೆ. ಬೇಕಿರಲಿಲ್ಲ, ಹಾವು ಪೊರೆ ಬಿಟ್ಟ ಹಾಗೆ ಅಷ್ಟೇ. ಪಂಪಿನ ಹರಿವನ್ನು ಸ್ವಲ್ಪ ಅತ್ತ ತಿರುಗಿಸಿ ಸುಮ್ಮನಿರಿ. ಪೊರೆ ಕಳಚಿ, ಎಳೆ ಬೆರಳುಗಳು ಮತ್ತೆ ಅರಳುತ್ತವೆ.

ಗ್ರೀನ್ ಸ್ಟಾರ್ ಪಾಲಿಪ್ ಗರಿಕೆಯಂತೆ ಹಬ್ಬುತ್ತದೆ, ಒಂಟಿ ಕಲ್ಲಿನ ಮೇಲಿಡಿ. ಝೋಆಂಥಿಡ್ ಚಂದವೇನೋ ಹೌದು. ಆದರೆ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಕೈಗವಸು, ಕನ್ನಡಕ ಹಾಕದೆ ಕತ್ತರಿಸಬೇಡಿ. ಅದಿರುವ ಕಲ್ಲನ್ನು ಎಂದೂ ಕುದಿಸಬೇಡಿ, ಆವಿಯೂ ಅಪಾಯ.

ತಮ್ಮನ ಆಸೆ? ಭಾರತದಲ್ಲಿ ಕಲ್ಲುಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ, ಅಂದರೆ ಹುಲಿಯ ಸಾಲಿನಲ್ಲಿ. ಅವನಿಗೆ ಫೋಟೊ ಕಳಿಸಿ.