ಚರ್ಮದ ಸ್ಮಾರಕ ಚಿತ್ರ: ಗ್ರಾಹಕರ ವಸ್ತು, ಕಲಾವಿದನ ಲೆಕ್ಕ

ನಮ್ಮ ಸಂಸ್ಥೆಯ ಸದಸ್ಯರಲ್ಲಿ ಗ್ರಾಹಕರು ತಂದೊಪ್ಪಿಸಿದ ವಸ್ತುವಿನ ಮೇಲೆ ಕೆಲಸ ಮಾಡಿ ಹಿಂದಿರುಗಿಸುವವರು ಅನೇಕರಿದ್ದಾರೆ. ದರ್ಜಿಗಳು, ಅಕ್ಕಸಾಲಿಗರು, ಪೀಠೋಪಕರಣ ದುರಸ್ತಿಗಾರರು, ಪುಸ್ತಕದ ರಟ್ಟು ಕಟ್ಟುವವರು ಈ ವರ್ಗಕ್ಕೆ ಸೇರುತ್ತಾರೆ. ಇವರೆಲ್ಲರಿಗೂ ಅನ್ವಯಿಸುವ ಕೆಲವು ಅಂಶಗಳನ್ನು, ತುಸು ಅಪರೂಪವಾದ ಒಂದು ಉದ್ಯೋಗದ ನಿದರ್ಶನದ ಮೂಲಕ ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ನಮ್ಮ ಕಚೇರಿಗೆ ಲೆಕ್ಕಪತ್ರ ತರುವ ಕಲಾವಿದರೊಬ್ಬರು ಅಥಣಿ ಕಡೆಯ ಚಪ್ಪಲಿ ಕುಶಲಕರ್ಮಿಗಳ ಮನೆತನದವರು. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಸೂಚಕವು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿದ್ದೆಂಬುದು ಓದುಗರಿಗೆ ತಿಳಿದೇ ಇದೆ. ಇವರು ಮಾತ್ರ ಚಪ್ಪಲಿ ಹೊಲಿಯುವುದನ್ನು ಬಿಟ್ಟು, ತೀರಿಕೊಂಡವರು ಬಳಸಿದ ಚರ್ಮದ ಚೀಲ, ಪಟ್ಟಿ, ಕೋಟುಗಳನ್ನು ಚಿಕ್ಕ ಚೂರುಗಳಾಗಿ ಕತ್ತರಿಸಿ, ಹಲಗೆಯ ಮೇಲೆ ಮೊಸಾಯಿಕ್ ರೀತಿಯಲ್ಲಿ ಜೋಡಿಸಿ ಅವರದೇ ಮುಖಚಿತ್ರವನ್ನು ರಚಿಸುತ್ತಾರೆ. ಮಾಸಿದ ಭಾಗ ಕೆನ್ನೆಗೂ, ಬೆವರು ಹತ್ತಿ ಕಪ್ಪಾದ ಭಾಗ ಕೂದಲಿಗೂ ಬರುತ್ತದೆ, ಬಣ್ಣ ಹಾಕುವುದಿಲ್ಲ.

ಹಳೆಯ ಚರ್ಮವೆಂದರೆ ಸುಲಭದ ಸಾಮಗ್ರಿಯಲ್ಲ. ಒಂದೇ ಚೀಲದಲ್ಲಿ ಮೂರು ಬಗೆಯ ದಪ್ಪವಿರುತ್ತದೆ; ಪ್ರತಿ ಚೂರಿನ ಅಂಚನ್ನೂ ಹಿಂಬದಿಯಿಂದ ಕೆರೆದು ತೆಳುಗೊಳಿಸದಿದ್ದರೆ ಮೇಲ್ಮೈ ಸಮನಾಗದು. ಒಣಗಿದ ಚರ್ಮ ಕತ್ತಿ ತಾಗಿದೊಡನೆ ಸೀಳುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಗ್ರಾಹಕರು ಅಪ್ಪಟ ಚರ್ಮವೆಂದು ಜೋಪಾನವಾಗಿ ತಂದದ್ದು ರೆಕ್ಸಿನ್ ಆಗಿರುವುದೂ ಉಂಟು. ಅದನ್ನು ಅವರಿಗೆ ತಿಳಿಸುವುದೇ ಈ ಕಸುಬಿನಲ್ಲಿ ಎಲ್ಲಕ್ಕಿಂತ ಕಷ್ಟವೆಂದು ಅವರು ಹೇಳುತ್ತಾರೆ.

ಲಾಭವೆಂದು ತೋರಿದ್ದು

ನಿವೃತ್ತ ಬಸ್ ಕಂಡಕ್ಟರರೊಬ್ಬರು ತೀರಿಕೊಂಡ ಮೇಲೆ ಅವರ ಹಿರಿಯ ಮಗ ತಂದೆಯ ಚರ್ಮದ ಹಣದ ಚೀಲವನ್ನು ತಂದುಕೊಟ್ಟರು. ಒಪ್ಪಿದ ಬೆಲೆ 12,000 ರೂಪಾಯಿ, ಮುಂಗಡ 3,000. ಬರವಣಿಗೆ ಏನೂ ಇಲ್ಲ. ಹಲಗೆ, ಅಂಟು, ಹೆಚ್ಚುವರಿ ಚರ್ಮ, ಚೌಕಟ್ಟು ಸೇರಿ 3,400 ರೂಪಾಯಿ ಖರ್ಚು ಬಿದ್ದಿತ್ತು. ಉಳಿದ 8,600 ರೂಪಾಯಿ ತಮ್ಮ ಲಾಭವೆಂದು ಕಲಾವಿದರು ಭಾವಿಸಿದ್ದರು.

ಅವರನ್ನು ಕೂರಿಸಿಕೊಂಡು ಗಂಟೆಗಳ ಲೆಕ್ಕ ಬರೆಸಿದೆ. ಹೊಲಿಗೆ ಬಿಚ್ಚಿ ಸ್ವಚ್ಛಗೊಳಿಸಲು 9, ರೇಖಾಚಿತ್ರಕ್ಕೆ 8, ಕತ್ತರಿಸಿ ಕೆರೆಯಲು 34, ಜೋಡಿಸಲು 30, ಅಂತಿಮ ಹದಕ್ಕೆ 5. ಒಟ್ಟು 86 ಗಂಟೆ. ಅಂದರೆ ಗಂಟೆಗೆ 100 ರೂಪಾಯಿ. ಅವರ ಸಹಾಯಕನಿಗೆ ಎಂಟು ಗಂಟೆಯ ದಿನಕ್ಕೆ 700 ರೂಪಾಯಿ ಕೂಲಿ, ಗಂಟೆಗೆ 87 ರೂಪಾಯಿ 50 ಪೈಸೆ. ಮಳಿಗೆಯ ಬಾಡಿಗೆ, ವಿದ್ಯುತ್ತು, ಕತ್ತಿಯ ಸವಕಳಿಗಳನ್ನು ಕಳೆದರೆ ಯಜಮಾನನ ಗಳಿಕೆ ಸಹಾಯಕನ ಕೂಲಿಗಿಂತ ಕೆಳಗಿಳಿಯುತ್ತದೆ. ಲಾಭದ ಮಾತಂತೂ ದೂರ.

ಬೆಲೆಯನ್ನು ಏಕೆ ಸರಿಯಾಗಿ ಹೇಳಲಿಲ್ಲವೆಂದು ಕೇಳಿದಾಗ ಬಂದ ಉತ್ತರ ಇದು: “ಸಾಹೇಬ್ರ, ಸತ್ತವರ ಚೀಲ ಕೈಯಾಗ ಹಿಡಕೊಂಡು ರೊಕ್ಕದ ಮಾತು ಹೆಂಗ ಆಡೂದ್ರಿ?” ಈ ಸಂಕೋಚ ಸಹಜವೇ. ಆದರೆ ಅದೇ ಸಂಕೋಚದಿಂದ ಅವರು ಇನ್ನೊಂದು ಮಾತನ್ನೂ ಆಡಿದ್ದರು. “ಉಳಿದದ್ದು ನಿಧಾನಕ್ಕ ಕೊಡ್ರಿ” ಎಂದಿದ್ದರು. ಇದರ ಪರಿಣಾಮವನ್ನು ಮುಂದೆ ನೋಡೋಣ.

ಚೀಲ ಯಾರದು?

ಚಿತ್ರ ಅರ್ಧ ಮುಗಿದಿದ್ದಾಗ ಕಿರಿಯ ಮಗ ಮಳಿಗೆಗೆ ಬಂದು, ಅಪ್ಪನ ಚೀಲವನ್ನು ಕತ್ತರಿಸಲು ಅಪ್ಪಣೆ ಕೊಟ್ಟವರು ಯಾರೆಂದು ಜಗಳ ತೆಗೆದರು. ಅವರ ಪ್ರಶ್ನೆಗೆ ಕಾನೂನಿನ ಆಧಾರವಿದೆ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಪುರುಷನ ಸ್ವತ್ತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ಮೊದಲನೆಯ ವರ್ಗದ ವಾರಸುದಾರರಾದ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಮುಂತಾದವರೆಲ್ಲರಿಗೂ ಸೇರುತ್ತದೆ. ಹಳೆಯ ಚೀಲವೂ ಸ್ವತ್ತೇ.

ಒಂದು ಉದ್ದೇಶಕ್ಕಾಗಿ ವಸ್ತುವನ್ನು ಒಪ್ಪಿಸಿ, ಉದ್ದೇಶ ಈಡೇರಿದ ಮೇಲೆ ಹಿಂಪಡೆಯುವ ಕರಾರನ್ನು 1872ರ ಭಾರತೀಯ ಕರಾರು ಕಾಯಿದೆಯ 148ನೇ ಕಲಮು ಬೇಲ್‌ಮೆಂಟ್ ಎಂದು ಕರೆಯುತ್ತದೆ. ವಸ್ತುವಿಗೆ ಹಲವರು ಒಡೆಯರಿದ್ದಾಗ, ಬೇರೆ ಒಪ್ಪಂದವಿಲ್ಲದಿದ್ದರೆ, ಅವರಲ್ಲೊಬ್ಬರಿಗೆ ಹಿಂದಿರುಗಿಸಿದರೂ ಸಾಕೆಂದು 165ನೇ ಕಲಮು ಹೇಳುತ್ತದೆ. ಗಮನಿಸತಕ್ಕ ಅಂಶವೆಂದರೆ, ಈ ರಕ್ಷಣೆ ಹಿಂದಿರುಗಿಸುವುದಕ್ಕೆ ಮಾತ್ರ. ಒಬ್ಬರ ಮಾತಿನ ಮೇಲೆ ಕತ್ತರಿಸುವುದಕ್ಕೆ ಅದು ರಕ್ಷಣೆಯಲ್ಲ. ಮೊದಲ ಚೂರು ಕತ್ತರಿಸುವವರೆಗೆ ಎಲ್ಲವನ್ನೂ ಹಿಂದಕ್ಕೆ ಕೊಡಬಹುದು. ಆಮೇಲೆ ಆಗದು. ಆದ್ದರಿಂದ ವಾರಸುದಾರರ ಸಹಿ, ರೇಖಾಚಿತ್ರದ ಒಪ್ಪಿಗೆ, ಅರ್ಧ ಮುಂಗಡ ಇವು ಮೂರೂ ಕತ್ತಿ ತಾಗುವ ಮೊದಲೇ ಆಗತಕ್ಕದ್ದು.

ಬಾಕಿ ಹಣ ಬರುವವರೆಗೆ ಚಿತ್ರವನ್ನು ತಡೆಹಿಡಿಯಬಹುದೇ ಎಂದು ಕಲಾವಿದರು ಕೇಳಿದರು. ಶ್ರಮ ಅಥವಾ ಕೌಶಲ ವ್ಯಯಿಸಿದವನಿಗೆ 170ನೇ ಕಲಮು ಆ ಹಕ್ಕನ್ನು ಕೊಡುತ್ತದೆ. ಕಾಯಿದೆಯಲ್ಲೇ ಎರಡು ದೃಷ್ಟಾಂತಗಳಿವೆ. ವಜ್ರಕ್ಕೆ ಸಾಣೆ ಹಿಡಿದ ಆಭರಣಕಾರನು ಕೂಲಿ ಬರುವವರೆಗೆ ಅದನ್ನು ಇಟ್ಟುಕೊಳ್ಳಬಹುದು. ಆದರೆ ಮೂರು ತಿಂಗಳ ಸಾಲಕ್ಕೆ ಒಪ್ಪಿ ಕೋಟು ಹೊಲಿದ ದರ್ಜಿಯು ಇಟ್ಟುಕೊಳ್ಳುವಂತಿಲ್ಲ. ‘ನಿಧಾನಕ್ಕೆ ಕೊಡಿ’ ಎಂದ ನಮ್ಮ ಕಲಾವಿದರು ತಾವಾಗಿಯೇ ದರ್ಜಿಯ ಸಾಲಿಗೆ ಸೇರಿಬಿಟ್ಟಿದ್ದರು.

ದಾಸ್ತಾನು ಮತ್ತು ತೆರಿಗೆ

ವರ್ಷಾಂತ್ಯದ ದಾಸ್ತಾನು ಪಟ್ಟಿಯಲ್ಲಿ ಗ್ರಾಹಕರ ಚರ್ಮವನ್ನು ಸೇರಿಸಕೂಡದು; ಅದಕ್ಕೆ ಬೇರೆ ಪುಸ್ತಕವಿರಲಿ. ಅರ್ಧ ಮುಗಿದ ಕೆಲಸದಲ್ಲಿ ಕಲಾವಿದನ ಸ್ವಂತ ಸಾಮಗ್ರಿ ಮತ್ತು ಕೂಲಿಯ ವೆಚ್ಚ ಮಾತ್ರ ಬರುತ್ತದೆ.

ಜಿಎಸ್‌ಟಿ ವಿಷಯ ಸ್ವಲ್ಪ ಸೂಕ್ಷ್ಮ. ಬೇರೆಯವರ ವಸ್ತುವಿನ ಮೇಲೆ ನಡೆಸುವ ಸಂಸ್ಕರಣೆಯು ಸೇವೆ ಎಂದು ಕಾಯಿದೆಯ ಎರಡನೆಯ ಅನುಸೂಚಿ ಹೇಳುತ್ತದೆ. ‘ಜಾಬ್ ವರ್ಕ್’ ಎಂಬ ವ್ಯಾಖ್ಯೆಗೆ ವಸ್ತುವಿನ ಒಡೆಯ ನೋಂದಾಯಿತನಾಗಿರಬೇಕು. ಮನೆಯ ಗ್ರಾಹಕ ಹಾಗಿಲ್ಲವಾದ್ದರಿಂದ ಇಂಥ ಸೇವೆಗೆ ಸಾಮಾನ್ಯವಾಗಿ ಶೇ. 18ರ ದರ ಅನ್ವಯಿಸುತ್ತದೆ. ಕಲಾವಿದನು ಸ್ವಂತ ಚರ್ಮದಿಂದಲೇ ರಚಿಸಿ ಮಾರಿದರೆ ಅದು ಸರಕು. 9701ನೇ ಶೀರ್ಷಿಕೆಯಡಿ ಬರುವ ಕೈಕೆಲಸದ ಚಿತ್ರ, ಕೊಲಾಜ್ ಮುಂತಾದವುಗಳ ದರ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. 12,000 ರೂಪಾಯಿಯ ಮೇಲೆ ಒಂದೆಡೆ 2,160, ಇನ್ನೊಂದೆಡೆ 600. ಗ್ರಾಹಕರ ಒಂದು ಪಟ್ಟಿ, ಕಲಾವಿದನ ಉಳಿದೆಲ್ಲ ಸಾಮಗ್ರಿ ಎಂಬಂಥ ಮಿಶ್ರ ಪ್ರಕರಣದಲ್ಲಿ ಯಾವುದು ಪ್ರಧಾನವೆಂಬುದರ ಮೇಲೆ ನಿರ್ಣಯ ನಿಂತಿದೆ. ಬಿಲ್ಲಿನಲ್ಲಿ ವಿವರವಿಲ್ಲದಿದ್ದರೆ ವಾದ ಕಷ್ಟ.

ಇವರ ವಹಿವಾಟು ಚಿಕ್ಕದು. ನೋಂದಣಿಯ ಅಗತ್ಯ ಸದ್ಯಕ್ಕಿಲ್ಲ. ಆದರೂ ಒಂದು ಎಚ್ಚರಿಕೆ ಬೇಕು. ನಮ್ಮ ರಾಜ್ಯದಲ್ಲಿ 2019ರ ಏಪ್ರಿಲ್‌ನಿಂದ ಇರುವ 40 ಲಕ್ಷ ರೂಪಾಯಿಯ ಮಿತಿ ಸರಕನ್ನು ಮಾತ್ರ ಪೂರೈಸುವವರಿಗೆ. ಸೇವೆಯೂ ಬೆರೆತರೆ ಮಿತಿ 20 ಲಕ್ಷ. ಮುಂಗಡದ ವಿಚಾರದಲ್ಲಿಯೂ ವ್ಯತ್ಯಾಸವಿದೆ. ನೋಂದಾಯಿತರು ಸರಕಿಗೆ ಪಡೆದ ಮುಂಗಡದ ಮೇಲೆ, ಕಾಂಪೊಸಿಷನ್ ಯೋಜನೆಯವರನ್ನು ಬಿಟ್ಟು, 2017ರ ನವೆಂಬರ್ 15ರಿಂದ ಕೂಡಲೇ ತೆರಿಗೆ ಕಟ್ಟಬೇಕಿಲ್ಲ. ಸೇವೆಯ ಮುಂಗಡಕ್ಕೆ ಆ ರಿಯಾಯಿತಿ ಇಲ್ಲ.

ಕಂಡಕ್ಟರರ ಮನೆಯ ಪ್ರಕರಣ ನ್ಯಾಯಾಲಯದವರೆಗೆ ಹೋಗಲಿಲ್ಲ. ಅವರ ಪತ್ನಿಯೇ ಮಳಿಗೆಗೆ ಬಂದರು. ಚಿತ್ರವನ್ನು ಬಹಳ ಹೊತ್ತು ನೋಡಿ, ಅದನ್ನು ಪೂರ್ಣಗೊಳಿಸಲು ಹೇಳಿ, ಬಾಕಿ 9,000 ರೂಪಾಯಿಯನ್ನು ಎರಡು ಕಂತುಗಳಲ್ಲಿ ಸಂದಾಯ ಮಾಡಿದರು. ಅವರು ಹಿಂದಕ್ಕೆ ಕೇಳಿದ್ದು ಚೀಲದ ಹಿತ್ತಾಳೆಯ ಬಕಲ್ ಒಂದನ್ನೇ. ಕಲಾವಿದರು ಅದನ್ನು ಗುಜರಿಗೆ ಹಾಕಿದ್ದರು. ಬಂದ 40 ರೂಪಾಯಿ ‘ಇತರೆ ಆದಾಯ’ ಎಂದು ನಮ್ಮ ಪುಸ್ತಕದಲ್ಲೇ ಜಮೆಯಾಗಿತ್ತು. ಒಡೆತನದ ಪ್ರಶ್ನೆ ಕೇಳದೆ ಆ ನಮೂದನ್ನು ಒಪ್ಪಿದ ತಪ್ಪು ನನ್ನದೂ ಹೌದು.

ಈಗ ಅವರು ಇಂಗಾಲದ ಕಾಗದವಿಟ್ಟು ಎರಡು ಪ್ರತಿಯಲ್ಲಿ ರಸೀದಿ ಬರೆಯುತ್ತಾರೆ. ವಸ್ತುವಿನ ವಿವರ, ವಾರಸುದಾರರ ಸಹಿ, ಒಪ್ಪಿದ ಮೌಲ್ಯ, ಕಂತಿನ ದಿನಾಂಕಗಳ ಜೊತೆಗೆ ‘ಉಳಿದ ತುಂಡುಗಳು’ ಎಂಬ ಒಂದು ಅಂಕಣವೂ ಇದೆ. ಈ ವರ್ಷದ ಪುಸ್ತಕ ತಿರುವಿದಾಗ ಆ ಅಂಕಣದಲ್ಲಿ ಎಲ್ಲೆಡೆ ಅವರದೇ ಅಕ್ಷರ: ಗುಂಡಿ, ಕೊಂಡಿ, ಬಕಲ್ ವಾಪಸು.